ಹನ್ನೊಂದನೇ ಮಷಿನ್ನಿನ ಗಾಜು

೪ ಜೂನ್

ಚಿರಂಜೀವಿ ತಮ್ಮನಿಗೆ ಅಕ್ಕನ ಆಶೀರ್ವಾದ.

ಫೋನಿನಲ್ಲಿ ನೀನು "ಹ್ಞೂಂ", "ಆಯ್ತು" ಬಿಟ್ಟು ಮೂರನೆಯ ಮಾತು ಆಡುವುದಿಲ್ಲ. ಅದಕ್ಕೇ ಈ ಕಾಗದ. "ಹ್ಞೂಂ" ಎಂದಷ್ಟೇ ಬರೆದು ಅಂಚೆಗೆ ಹಾಕಲು ನಿನಗೂ ನಾಚಿಕೆಯಾದೀತು ಎಂಬ ಧೈರ್ಯ ನನಗೆ.

ನಾನು ಚೆನ್ನಾಗಿದ್ದೇನೆ. ಅಪ್ಪ ಹೋದ ಮೇಲೆ ಗಿರಣಿಯವರು ಕೊಟ್ಟ ಪ್ಯಾಕಿಂಗ್ ಕೆಲಸವೇ ಈಗಲೂ. ನೂಲಿನ ಉಂಡೆಗಳಿಗೆ ಕಾಗದ ಸುತ್ತಬೇಕು, ಚೀಟಿ ಅಂಟಿಸಬೇಕು, ಪೆಟ್ಟಿಗೆಗೆ ತುಂಬಬೇಕು. ಗಾಳಿಯಲ್ಲೆಲ್ಲ ನೂಲಿನ ಜುಂಗು. ಸಂಜೆ ಸೀನಿದರೆ ಒಂದು ಪುಟ್ಟ ದಿಂಬಿಗಾಗುವಷ್ಟು ಬರುತ್ತದೆ. ಸ್ವಲ್ಪ ಕೆಮ್ಮಿದೆ, ದೊಡ್ಡದೇನಲ್ಲ.

ಮನೆಯೂ ಅದೇ, ಕ್ವಾರ್ಟರ್ಸಿನ ಮೂರನೇ ಮಹಡಿಯ ಎರಡು ಕೋಣೆ. ಅಡುಗೆಮನೆ ಕಿಟಕಿಯಾಚೆಯ ಬಟ್ಟೆ ಹಗ್ಗವನ್ನು ಮಾತ್ರ ಬಿಚ್ಚಿಹಾಕಿದ್ದೇನೆ. ಟವೆಲ್ ತೆಗೆಯಲು ಹೋಗಿ ಅಪ್ಪ ಜಾರಿದ್ದು ಅಲ್ಲಿಂದ. ಅದನ್ನು ನೋಡುತ್ತ ಪಾತ್ರೆ ತೊಳೆಯುವುದು ನನ್ನಿಂದಾಗಲಿಲ್ಲ. ಹೋದ ತಿಂಗಳಿಗೆ ಎರಡು ವರ್ಷವಾಯಿತು. ಸಂಸ್ಕಾರದ ದಿನ ನೀನು ಬೆಳಿಗ್ಗೆ ಬಂದು ಸಂಜೆಯ ಬಸ್ಸಿಗೆ ಹೊರಟುಹೋದೆ. ಅಪ್ಪ ನಿನ್ನ ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆಸೆದು "ನೀನು ನನ್ನ ಮಗನೇ ಅಲ್ಲ" ಎಂದದ್ದನ್ನು ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀಯಾ? ಅದು ಅವರ ಮಾತಲ್ಲ ಕಣೋ. ಕಡೆಗಾಲದಲ್ಲಿ ಅವರಿಗೆ ಯಾರನ್ನು ಕಂಡರೂ ಅನುಮಾನ. ನಾನು ಬಡಿಸಿದ ತಟ್ಟೆಯನ್ನೂ ಮೂಸಿ ನೋಡುತ್ತಿದ್ದರು.

ಅಪ್ಪ ಇಪ್ಪತ್ತಾರು ವರ್ಷ ನೂಲು ತೆಗೆದರು, ನಾನು ನೂಲು ಕಟ್ಟುತ್ತೇನೆ, ನೀನು ಇಷ್ಟೆಲ್ಲ ಓದಿ ಕೊನೆಗೆ ನೂಲಿಗೇ ಬಂದಿದ್ದೀಯಂತೆ. ಅದೇನು ನೂಲುತ್ತೀ ಎಂದು ನನ್ನಂಥವಳಿಗೆ ಅರ್ಥವಾಗುವ ಹಾಗೆ ಬರಿ.

ನಿನ್ನ ಅಕ್ಕ

೧೫ ಜೂನ್

ಅಕ್ಕನಿಗೆ ನಮಸ್ಕಾರ.

ಹ್ಞೂಂ.

ಇಷ್ಟೇ ಬರೆದು ಕಳಿಸೋಣ ಎಂದುಕೊಂಡೆ, ಮನಸ್ಸಾಗಲಿಲ್ಲ.

ಅಪ್ಪ ತೆಗೆಯುತ್ತಿದ್ದ ನೂಲು ನಿನಗೆ ಗೊತ್ತೇ ಇದೆ. ಮರದ ತಿರುಳನ್ನು ಕರಗಿಸಿ ಜೇನಿನಷ್ಟು ಮಂದ ಮಾಡಿ, ಸಣ್ಣ ತೂತುಗಳ ಬಿಲ್ಲೆಯ ಮೂಲಕ ಆಮ್ಲದ ತೊಟ್ಟಿಗೆ ಒತ್ತಿದರೆ ಅಲ್ಲೇ ಎಳೆಯಾಗಿ ಗಟ್ಟಿಯಾಗುತ್ತದೆ. ಪಾಲಿಯೆಸ್ಟರ್‌ನವರಿಗೆ ತೊಟ್ಟಿ ಬೇಡ. ಅವರು ಕಾಯಿಸಿ ಇಳಿಸುತ್ತಾರೆ, ತಣ್ಣನೆಯ ಗಾಳಿಗೆ ಎಳೆ ಗಟ್ಟಿಯಾಗುತ್ತದೆ. ನನ್ನದು ಮೂರನೆಯ ದಾರಿ. ಇಂಜೆಕ್ಷನ್ ಸಿರಿಂಜಿಗೆ ಪಾಲಿಮರ್ ದ್ರಾವಣ ತುಂಬಿ, ಸೂಜಿಗೆ ಹದಿನೈದು ಸಾವಿರ ವೋಲ್ಟ್ ಕೊಡುತ್ತೇನೆ. ತುದಿಯಲ್ಲಿ ದುಂಡಗಿದ್ದ ಹನಿ ನಿಧಾನಕ್ಕೆ ಮೂತಿ ಚೂಪು ಮಾಡಿಕೊಳ್ಳುತ್ತದೆ. ಆ ಮೂತಿಯಿಂದ ಒಂದು ಎಳೆ ಹಾರಿ, ಚಾಟಿಯ ಹಾಗೆ ಸುತ್ತಿ ಸುತ್ತಿ ತೆಳ್ಳಗಾಗಿ, ಹಾರುತ್ತಲೇ ಒಣಗಿ, ಎದುರಿನ ಉರುಳೆಯ ಮೇಲೆ ಕೂರುತ್ತದೆ. ಇಂಥ ನಾನೂರು ಎಳೆ ಅಕ್ಕಪಕ್ಕ ಇಟ್ಟರೆ ನಿನ್ನ ಒಂದು ತಲೆಗೂದಲಿನ ಅಗಲ. ಬರಿಗಣ್ಣಿಗೆ ಎಳೆ ಕಾಣುವುದಿಲ್ಲ. ಅರ್ಧ ಗಂಟೆಯ ಮೇಲೆ ಉರುಳೆಯಲ್ಲಿ ಬಿಳಿ ಮಬ್ಬು ಕಾಣುತ್ತದೆ, ಅಷ್ಟೆ. ಇಡೀ ದಿನ ಕಣ್ಣಿಗೆ ಕಾಣದ್ದನ್ನು ಕಾಯುವುದು ನನ್ನ ಕೆಲಸ.

ನಿನ್ನ ಜುಂಗಿಗೆ ಇದೇ ಮದ್ದು. ನಾನೇ ನೂತ ಪದರವನ್ನು ಬಟ್ಟೆಯ ನಡುವೆ ಇಟ್ಟು ಹೊಲಿಸಿದ ಆರು ಮಾಸ್ಕ್ ಕಳಿಸುತ್ತಿದ್ದೇನೆ. ಎಂಥ ಸಣ್ಣ ಧೂಳೂ ಇದನ್ನು ದಾಟುವುದಿಲ್ಲ. ಕೆಲಸದ ಹೊತ್ತಿನಲ್ಲಿ ತೆಗೆಯಬೇಡ.

ಅಪ್ಪನ ಮಾತು ಬಿಡು. ನಿನ್ನ ಅಕ್ಷರ ಯಾಕೆ ಇಷ್ಟು ಸೊಟ್ಟಗಾಗಿದೆ? ನನ್ನ ಅಕ್ಷರ ತಿದ್ದಲು ಬೆರಳ ಗೆಣ್ಣಿಗೆ ಹೊಡೆದವಳು ನೀನೇ.

ತಮ್ಮ

೩ ಜುಲೈ

ತಮ್ಮಾ,

ಮಾಸ್ಕ್ ಬಂದವು. ಮೂಗಿಗಿಂತ ಮೂಗುತಿ ಭಾರ ಆಗುತ್ತದೇನೋ ಎಂದುಕೊಂಡಿದ್ದೆ, ಹಾಕಿಕೊಂಡದ್ದೇ ಗೊತ್ತಾಗುವುದಿಲ್ಲ. ತಮ್ಮ ನೂತದ್ದು ಎಂದು ಕಂಡಕಂಡವರಿಗೆಲ್ಲ ತೋರಿಸಿದೆ. ಅಪ್ಪನಿಗೂ ತೋರಿಸಿದೆ. ಇನ್ನು ನನಗೆ ಯಾವ ಹೆದರಿಕೆಯೂ ಇಲ್ಲ.

ನಿನ್ನ ಸೂಜಿಯ ಎಳೆ ತಾನಾಗಿ ಹಾರಿ ಕೂರುತ್ತದಂತೆ. ಪುಣ್ಯವಂತ. ಇಲ್ಲಿ ಹಾಗಲ್ಲ. ಎಳೆ ಕಡಿದರೆ ತೊಟ್ಟಿಯ ಮುಂದಿನ ಗಾಜನ್ನು ಮೇಲಕ್ಕೆ ಸರಿಸಿ, ಕೈ ಒಳಗೆ ಹಾಕಿ, ಕಡಿದ ತುದಿಯನ್ನು ಬೆರಳಲ್ಲೇ ಎತ್ತಿ ಚಕ್ರಕ್ಕೆ ಹಾಕಬೇಕು. ಪ್ರತಿ ಸಲ ಗಾಜು ಮುಚ್ಚಿ ತೆರೆಯುತ್ತ ಕೂತರೆ ಒಂದನ್ನು ಹಿಡಿಯುವಷ್ಟರಲ್ಲಿ ನಾಲ್ಕು ಕಡಿದಿರುತ್ತವೆ. ಗಾಜು ಮುಚ್ಚಿಯೇ ಇರಬೇಕು ಎಂದು ಗೋಡೆಯ ಮೇಲೆ ಬರೆದಿದ್ದಾರೆ. ಅದರ ಕೆಳಗೇ ನಿಂತು ಎಲ್ಲರೂ ಗೇಣುದ್ದ ತೆರೆದಿಡುತ್ತಾರೆ. ಆ ಗೇಣಿನ ಅಳತೆ ಹಾಕಿಕೊಟ್ಟವರು ಅಪ್ಪನೇ. ಅದಕ್ಕೇ ಅವರ ಹನ್ನೊಂದನೇ ಮಷಿನ್ನಿನ ನೂಲು ಯಾವತ್ತೂ ಎಲ್ಲರಿಗಿಂತ ಚೆನ್ನ. ಊಟದ ಬಿಡುವಿನಲ್ಲಿ ಆಗಾಗ ಹೋಗಿ ನೋಡಿ ಬರುತ್ತಿರುತ್ತೇನೆ.

ಒಂದು ತಮಾಷೆ ಕೇಳು. ನೂಲುವ ಹಾಲ್ ಇರುವುದು ಮೇಲಿನ ಮಹಡಿಯಲ್ಲಿ. ಅದರ ಕಿಟಕಿಗಳಿಗೆಲ್ಲ ಹೆಬ್ಬೆರಳು ದಪ್ಪದ ಕಬ್ಬಿಣದ ಸರಳು. ಕೆಳಗೆ ಮಾಲು ತುಂಬಿದ ಗೋದಾಮಿಗೆ ಇಲ್ಲ. ಅಷ್ಟೆತ್ತರಕ್ಕೆ ಹತ್ತಿ ಬರುವ ಕಳ್ಳ ಯಾರಾದರೂ ಇದ್ದರೆ ಅವನನ್ನು ಸರ್ಕಸ್ಸಿಗೆ ಸೇರಿಸಬೇಕು.

ಅಕ್ಷರದ ವಿಷಯಕ್ಕೆ, ಪೆನ್ನು ಸರಿಯಿಲ್ಲ.

ಅಕ್ಕ

೧೨ ಜುಲೈ

ಅಕ್ಕಾ,

ತುಂಬ ಕೆಲಸ. ಗಾಳಿಯಲ್ಲಿ ತೇವ ಹೆಚ್ಚಾಗಿ ಎಳೆಗಳ ಮೇಲೆಲ್ಲ ಗಂಟು ಬೀಳುತ್ತಿದೆ. ನಿನ್ನ ಕಾಗದ ಓದಿ ನಗು ಬಂತು. ಖುಷಿಯಾಗಿದ್ದೀಯಲ್ಲ, ಅಷ್ಟು ಸಾಕು. ಇನ್ನೂ ಹತ್ತು ಮಾಸ್ಕ್ ಕಳಿಸಿದ್ದೇನೆ. ಅಪ್ಪನ ಫೋಟೋದ ಮುಂದೆ ಹಿಡಿದು ತೋರಿಸುವುದೆಲ್ಲ ಬೇಡ, ನನಗೆ ಇಷ್ಟವಿಲ್ಲ.

ತಮ್ಮ

೨೮ ಆಗಸ್ಟ್

ತಮ್ಮಾ,

ತೋರಿಸಿದ್ದು ಫೋಟೋಕ್ಕಲ್ಲ.

ಆರು ವಾರ ಈ ಮಾತನ್ನು ಬರೆದು ಹರಿದು ಬರೆದು ಹರಿದು ಇಂದು ಬರೆಯುತ್ತಿದ್ದೇನೆ. ನಾನು ಪ್ಯಾಕಿಂಗಿನಲ್ಲಿ ಇಲ್ಲ. ಹೋದ ವರ್ಷ ಡಿಸೆಂಬರಿನಲ್ಲೇ ಕೇಳಿಕೊಂಡು ನೂಲುವ ಹಾಲ್‌ಗೆ ಬಂದೆ. ನಿನಗೆ ಹೇಳಿದರೆ ಕೂಗಾಡುತ್ತೀ ಎಂದು ಹೇಳಲಿಲ್ಲ. ಮೊದಲೆರಡು ತಿಂಗಳು ಏನೂ ಇರಲಿಲ್ಲ. ಕಣ್ಣು ಉರಿಯುತ್ತಿತ್ತು, ಕೊಳೆತ ಮೊಟ್ಟೆಯ ವಾಸನೆ. ಆಮೇಲೆ ಮೂಗಿಗೆ ಅದೂ ರೂಢಿಯಾಯಿತು. ಫೆಬ್ರವರಿಯಲ್ಲಿ ಒಂದು ದಿನ ಹನ್ನೊಂದನೇ ಮಷಿನ್ನಿನ ಗಾಜು ಎತ್ತಿ ಬಗ್ಗಿದ್ದೇನೆ, ಪಕ್ಕದಲ್ಲಿ ಅಪ್ಪ. ನೀಲಿ ಅಂಗಿ, ತೋಳು ಮಡಚಿದ್ದರು. ಎಳೆಯನ್ನೇ ನೋಡುತ್ತಿದ್ದರು.

ನಾನು ಹೆದರಲಿಲ್ಲ. ಹೆದರುವುದು ಯಾಕೆ, ನಮ್ಮಪ್ಪ ಅಲ್ಲವೇ? ಹುಚ್ಚು ಹಿಡಿಯುವುದಕ್ಕೆ ಮುಂಚಿನ ಅಪ್ಪ ಕಣೋ. ನಮ್ಮಿಬ್ಬರನ್ನೂ ಒಂದೇ ಸೈಕಲ್ಲಿನಲ್ಲಿ ಶಾಲೆಗೆ ಬಿಡುತ್ತಿದ್ದರಲ್ಲ, ಆ ಅಪ್ಪ. ಈಗ ದಿನಾ ಬರುತ್ತಾರೆ. ನಿನ್ನ ವಿಷಯ ಕೇಳಿದರು. "ಅವನ ಮೇಲೆ ನಂಗೇನೂ ಸಿಟ್ಟಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣೋಕೆ ಹೇಳು" ಎಂದರು. ಇದನ್ನು ನಿನಗೆ ತಲುಪಿಸಬೇಕು ಎಂದೇ ಇಷ್ಟೆಲ್ಲ ಬರೆದೆ.

ನಿನ್ನ ಮಾಸ್ಕಿನ ದೆಸೆಯಿಂದ ಎರಡೆರಡು ಪಾಳಿ ಮಾಡುತ್ತಿದ್ದೇನೆ. ಉಳಿದವರು ಆಗಾಗ ಹೊರಗೆ ಹೋಗಿ ಗಾಳಿ ಕುಡಿದು ಬರುತ್ತಾರೆ. ನನಗೆ ಬೇಕಿಲ್ಲ. ಕಾಲಿನ ಬೆರಳು ಸ್ವಲ್ಪ ಜೋಮು ಹಿಡಿದಿದೆ, ಹತ್ತಿಯ ಮೇಲೆ ನಡೆದ ಹಾಗಾಗುತ್ತದೆ. ನಿಂತು ನಿಂತು ಇರಬೇಕು.

ಅಕ್ಕ

೨ ಸೆಪ್ಟೆಂಬರ್

ಅಕ್ಕಾ,

ಈ ಕಾಗದ ಸಿಕ್ಕಿದ ತಕ್ಷಣ ಆ ಹಾಲ್‌ಗೆ ಹೋಗುವುದನ್ನು ನಿಲ್ಲಿಸು. ನಾಳೆಯಿಂದಲ್ಲ, ಓದಿದ ಗಳಿಗೆಯಿಂದ. ಕೈ ಮುಗಿದು ಹೇಳುತ್ತಿದ್ದೇನೆ.

ಮರದ ತಿರುಳನ್ನು ಕರಗಿಸಲು ಕಾರ್ಬನ್ ಡೈಸಲ್ಫೈಡ್ ಎಂಬ ದ್ರವ ಬೆರೆಸುತ್ತಾರೆ. ಆಮ್ಲದ ತೊಟ್ಟಿಯಲ್ಲಿ ನೂಲು ಗಟ್ಟಿಯಾಗುವಾಗ ಅದು ಆವಿಯಾಗಿ ಹೊರಗೆ ಬರುತ್ತದೆ. ಆ ಗಾಜು ಇರುವುದು ಅದನ್ನು ಒಳಗೇ ಹಿಡಿದು ಮೇಲಿನ ಕೊಳವೆಗೆ ಕಳಿಸಲು. ಗೇಣುದ್ದ ತೆರೆದರೆ ಅದು ನೇರ ನಿಮ್ಮ ಮುಖಕ್ಕೆ ಬರುತ್ತದೆ. ಮೊದಲು ಕೈಕಾಲು ಜೋಮು ಹಿಡಿಯುತ್ತದೆ, ಆಮೇಲೆ ಸಿಡುಕು, ಅನುಮಾನ. ಆಮೇಲೆ ಇಲ್ಲದವರು ಕಾಣುತ್ತಾರೆ. ಪುಸ್ತಕದಲ್ಲಿ ಇನ್ನೂರ ಹದಿನಾಲ್ಕನೇ ಪುಟದಲ್ಲಿ ಇದೆಲ್ಲ ಇದೆ.

ನಾನು ಕಳಿಸಿದ ಮಾಸ್ಕ್ ಜುಂಗಿಗೆ. ಆವಿಗೆ ಅದು ಏನೇನೂ ಅಲ್ಲ, ನೀರಿಗೆ ಬಲೆ ಅಡ್ಡ ಹಿಡಿದ ಹಾಗೆ. ನೀನು ಪ್ಯಾಕಿಂಗ್ ಎಂದೆ, ನಾನು ನಂಬಿದೆ. ಅದನ್ನು ಹಾಕಿಕೊಂಡು ನೀನು ಎರಡು ಪಾಳಿ ನಿಂತೆ ಎಂದು ಓದಿದ ಕೂಡಲೇ ಸೂಜಿಯ ಕರೆಂಟು ತೆಗೆದು ಇದನ್ನು ಬರೆಯಲು ಕೂತೆ.

ಅಲ್ಲಿ ನಿಲ್ಲುವುದು ಅಪ್ಪ ಅಲ್ಲ ಅಕ್ಕಾ. ಅಪ್ಪನಿಗೆ ಆಗಿದ್ದೂ ಹುಚ್ಚಲ್ಲ.

ತಮ್ಮ

೯ ಸೆಪ್ಟೆಂಬರ್

ತಮ್ಮನಿಗೆ,

ಅಂದರೆ ನಮ್ಮಪ್ಪ ಒಂದು ವಾಸನೆ ಎನ್ನುತ್ತೀಯಾ? ಎರಡು ವರ್ಷ ಅವರ ಹೆಸರೆತ್ತದವನು ಈಗ ಪುಸ್ತಕ ಹಿಡಿದುಕೊಂಡು ಬಂದು, ನನಗೆ ಸಿಕ್ಕಿದ ಅಪ್ಪನನ್ನೂ ಕಿತ್ತುಕೊಳ್ಳುತ್ತೀಯಾ?

ಇನ್ನೊಂದು ಮಾತು. ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಪುಟದ ಸಂಖ್ಯೆ ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇಲ್ಲಿ ಯಾರೂ ಕಳ್ಳ ಎನ್ನುವ ಮೊದಲೇ ನೀನು ಹೆಗಲು ಮುಟ್ಟಿಕೊಂಡಿದ್ದೀ. ಮೊನ್ನೆ ಓದಿದ ಪುಟದ ಸಂಖ್ಯೆ ಯಾರಿಗೂ ಬಾಯಿಪಾಠ ಬರುವುದಿಲ್ಲ. ಅದನ್ನು ಯಾವಾಗ ಓದಿದೆ, ಹೇಳು.

ನಾನು ಕೆಲಸಕ್ಕೆ ಹೋಗುತ್ತಿದ್ದೇನೆ.

ಅಕ್ಕ

೧೫ ಸೆಪ್ಟೆಂಬರ್

ಅಕ್ಕಾ,

ಅಪ್ಪ ಬದುಕಿದ್ದಾಗಲೇ ಓದಿದೆ.

ನನ್ನ ಪೆಟ್ಟಿಗೆ ಎಸೆದರಲ್ಲ, ಅದಾದ ಮೂರನೆಯ ವಾರ. ಕಾಲೇಜಿನ ಲೈಬ್ರರಿಯಲ್ಲಿ ಕೃತಕ ನೂಲಿನ ಬಗ್ಗೆ ಒಂದು ಹಳೆಯ ಪುಸ್ತಕ ತೆಗೆದಿದ್ದೆ. ಇನ್ನೂರ ಹದಿನಾಲ್ಕನೇ ಪುಟದಲ್ಲಿ ಅಪ್ಪ ಇದ್ದರು. ತಟ್ಟೆ ಮೂಸುವುದು, ಗುಂಡಿ ಹಾಕಲಾಗದ ಬೆರಳು, ಮಕ್ಕಳನ್ನೇ ಹೊರಗೆ ಹಾಕುವುದು, ಎಲ್ಲವೂ. ಇಂಥ ಗಿರಣಿಗಳಲ್ಲಿ ಮೇಲಿನ ಮಹಡಿಯ ಕಿಟಕಿಗಳಿಗೆ ಸರಳು ಹಾಕಿಸುತ್ತಿದ್ದರು, ಕೆಲಸದವರು ಬಾಗಿಲು ಎಂದುಕೊಂಡು ಹೊರಗೆ ಕಾಲಿಡಬಾರದು ಎಂದು, ಅಂತಲೂ ಇತ್ತು. ಓದಿ ಪುಟದ ಮೂಲೆ ಮಡಿಚಿಟ್ಟೆ. ಮಡಿಚಿಟ್ಟು ಸುಮ್ಮನಾದೆ.

ಯಾಕೆ ಎಂದು ನೀನು ಕೇಳುತ್ತೀ. ನಾನೂ ಎರಡು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಅದು ಆವಿಯ ಕೆಲಸ ಎಂದಾದರೆ ನಾನು ಯಾರ ಮೇಲೆ ಸಿಟ್ಟಾಗಬೇಕಿತ್ತು? ನನಗೆ ಅಪ್ಪನ ಮೇಲೆಯೇ ಸಿಟ್ಟು ಬೇಕಿತ್ತು. ಅವರೇ ಬಂದು ಒಂದು ಮಾತು ಕರೆಯಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ಎಂಟನೆಯ ವಾರಕ್ಕೆ ನಿನ್ನ ಫೋನ್ ಬಂತು. ಕೆಟ್ಟ ಮೇಲೆ ಬುದ್ಧಿ ಬಂದು ಏನು ಪ್ರಯೋಜನ? ಸಂಸ್ಕಾರದ ದಿನ ಸಂಜೆಯ ಬಸ್ಸು ಹತ್ತಿದ್ದು ಸಿಟ್ಟಿನಿಂದಲ್ಲ, ನಿನ್ನ ಮುಖ ನೋಡಲಾಗದೆ.

ಜುಲೈನ ಕಾಗದದಲ್ಲಿ ನೀನು ಸರಳಿನ ವಿಷಯ ಬರೆದಿದ್ದೆ. ಓದಿದ ಕೂಡಲೇ ಆ ಪುಟ ನೆನಪಾಯಿತು. ಅಕ್ಕ ಇರುವುದು ಪ್ಯಾಕಿಂಗಿನಲ್ಲಿ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡು, ನಗು ಬಂತು ಎಂದು ಬರೆದೆ. ಎರಡನೆಯ ಸಲವೂ ಪುಟ ಮಡಿಚಿಟ್ಟ ಹಾಗಾಯಿತು.

ನನ್ನನ್ನು ಕ್ಷಮಿಸಬೇಡ, ಬೇಕಾದರೆ ಮುಖ ನೋಡಬೇಡ. ಹಾಲ್ ಮಾತ್ರ ಬಿಡು.

ತಮ್ಮ

೧೧ ಅಕ್ಟೋಬರ್ (ರಿಜಿಸ್ಟರ್ ಅಂಚೆ)

ಅಕ್ಕಾ,

ಭಾನುವಾರ ಬಂದಿದ್ದೆ. ನೀನು ಬಾಗಿಲು ತೆರೆಯಲಿಲ್ಲ. ಒಳಗೆ ಕಾಲೆಳೆದುಕೊಂಡು ನಡೆಯುವ ಸದ್ದು ಕೇಳಿಸಿತು. ಅಪ್ಪನದೇ ಸದ್ದು ಎನ್ನಿಸಿ ಬಡಿಯಲು ಎತ್ತಿದ ಕೈ ಹಾಗೇ ನಿಂತಿತು. ಮಧ್ಯಾಹ್ನದವರೆಗೆ ಮೆಟ್ಟಿಲ ಮೇಲೆ ಕೂತಿದ್ದೆ. ನನ್ನ ಪೆಟ್ಟಿಗೆ ಬಿದ್ದ ಮೆಟ್ಟಿಲದು, ಅಂಚು ಇನ್ನೂ ಮುರಿದೇ ಇದೆ. ಒಳಗೆ ನೀನು ಯಾರ ಜೊತೆಗೋ ಮಾತಾಡುತ್ತಿದ್ದೆ. ಅಪ್ಪ ಮನೆಗೂ ಬರುತ್ತಿದ್ದಾರೆಯೇ?

ಈ ಕಾಗದಕ್ಕೆ ಸಹಿ ಹಾಕಬೇಕು. ಸಹಿ ಬಂದರೆ ನೀನು ಇದ್ದೀಯ ಎಂದು ತಿಳಿಯುತ್ತೇನೆ. ಬೇರೆ ಏನೂ ಕೇಳುವುದಿಲ್ಲ.

ಅಪ್ಪನಿಗೆ ಸಿಟ್ಟಿಲ್ಲ ಎಂದು ಬರೆದಿದ್ದೆಯಲ್ಲ. ಅದೆಲ್ಲ ಆವಿ ಎಂದು ಗೊತ್ತಿದ್ದೂ, ಆ ಸಾಲನ್ನು ಮಾತ್ರ ಕತ್ತರಿಸಿ ಜೇಬಿನಲ್ಲಿಟ್ಟುಕೊಂಡಿದ್ದೇನೆ.

ತಮ್ಮ

೮ ನವೆಂಬರ್

ತಮ್ಮಾ,

ಅಕ್ಷರ ಇನ್ನೂ ಸೊಟ್ಟಗಿದೆ, ಈ ಸಲ ಪೆನ್ನನ್ನು ಬೈಯುವುದಿಲ್ಲ.

ಹಾಲ್ ಬಿಟ್ಟು ಇಪ್ಪತ್ತೈದು ದಿನವಾಯಿತು. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಅಂಗಾಲಿಗೆ ಸೂಜಿ ಚುಚ್ಚಿ "ಗೊತ್ತಾಗತ್ತಾ?" ಎಂದು ಕೇಳುತ್ತಾರೆ. ಹಿಮ್ಮಡಿಗೆ ಗೊತ್ತಾಗುತ್ತದೆ. ಬೆರಳುಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಯಾಕೆ ಬಿಟ್ಟೆ ಎಂದು ಹೇಳಬೇಕಾದರೆ ಮೊದಲು ನಾನು ಮುಚ್ಚಿಟ್ಟದ್ದನ್ನು ಹೇಳಬೇಕು. ಅಪ್ಪ ಬಿದ್ದ ಮಧ್ಯಾಹ್ನ ನಾನು ಮನೆಯಲ್ಲೇ ಇದ್ದೆ. ಅಂಗಡಿಗೆ ಹೋಗಿದ್ದೆ ಎಂದು ಎಲ್ಲರಿಗೂ ಹೇಳಿದ್ದು ಸುಳ್ಳು. ಒಳಕೋಣೆಯಲ್ಲಿ ಮಲಗಿದ್ದೆ. ಅಡುಗೆಮನೆಯ ಕಿಟಕಿ ತೆರೆದ ಸದ್ದು ಕೇಳಿಸಿತು. ಅಪ್ಪ "ಕಡೀತು, ಕಡೀತು" ಎಂದು ಗೊಣಗುತ್ತಿದ್ದರು. ದಿನವಿಡೀ ಇದೇ ಗೋಳು ಎಂದು ಬೇಸರಪಟ್ಟು ಮಗ್ಗುಲು ಬದಲಿಸಿದೆ. ಹಗ್ಗದ ಮೇಲೆ ಟವೆಲೇ ಇರಲಿಲ್ಲ ಕಣೋ. ಅವರು ಮಷಿನ್ನಿನ ಮುಂದೆ ನಿಂತಿದ್ದರು. ಗಾಜು ಎತ್ತಿ ಕಡಿದ ಎಳೆ ಹಿಡಿಯಲು ಕೈ ಚಾಚಿದ್ದರು.

ಅಕ್ಟೋಬರ್ ಹದಿನಾಲ್ಕರಂದು ಬೆಳಿಗ್ಗೆ ಪಾಳಿ ಮುಗಿಸಿ ಬಂದೆ. ಅಡುಗೆಮನೆಯಲ್ಲಿ ಅಪ್ಪ ನಿಂತಿದ್ದರು. ಕಿಟಕಿಯಾಚೆ ಎಳೆ ಕಡಿದು ತೂಗಾಡುತ್ತಿತ್ತು. ಬಿಟ್ಟರೆ ಉಂಡೆ ಹಾಳಾಗುತ್ತದೆ ಎಂದು ಕಿಟಕಿ ತೆರೆದು ಬಗ್ಗಿದೆ. ಆಗ ಬಾಗಿಲು ಬಡಿದ ಸದ್ದು. "ರಿಜಿಸ್ಟರ್ ಇದೆ, ಸಹಿ ಮಾಡ್ರಮ್ಮಾ." ಬಡಿದೇ ಬಡಿದ ಪುಣ್ಯಾತ್ಮ. ತಿರುಗಿ ನೋಡಿದರೆ ಹೊಟ್ಟೆಯವರೆಗೂ ನನ್ನ ಮೈ ಕಿಟಕಿಯ ಆಚೆಗಿತ್ತು. ನಾನು ಕೈ ಚಾಚಿದ್ದು ನಾನೇ ಬಿಚ್ಚಿಹಾಕಿದ್ದ ಹಗ್ಗಕ್ಕೆ.

ಸಹಿ ಹಾಕಿ ಅಲ್ಲೇ ನೆಲದ ಮೇಲೆ ಕೂತು ಓದಿದೆ. ಮರುದಿನ ಹಾಲ್‌ಗೆ ಹೋಗಲಿಲ್ಲ. ಅಪ್ಪ ಇನ್ನೂ ಹತ್ತು ದಿನ ಬಂದರು. ದಿನದಿನಕ್ಕೆ ತೆಳ್ಳಗಾಗುತ್ತಿದ್ದರು. ಮೊದಲು ಮುಖ ಹೋಯಿತು, ಆಮೇಲೆ ಮಡಚಿದ ತೋಳು. ಕೊನೆಗೆ ನೀಲಿ ಬಣ್ಣ ಮಾತ್ರ ಇತ್ತು, ಒಂದು ಗುರುವಾರ ಅದೂ ಇರಲಿಲ್ಲ. ಎರಡನೆಯ ಸಲ ತಂದೆಯನ್ನು ಕಳೆದುಕೊಂಡವರನ್ನು ಯಾರೂ ಮಾತಾಡಿಸಲು ಬರುವುದಿಲ್ಲ. ಒಬ್ಬಳೇ ಅತ್ತೆ.

ನಿನ್ನ ಜೇಬಿನಲ್ಲಿರುವ ಸಾಲು ತೆಗೆದುಬಿಡು. ಅಪ್ಪ ಒಂದು ದಿನವೂ ಮಾತಾಡಲಿಲ್ಲ. ಸಿಟ್ಟಿಲ್ಲ ಎಂದದ್ದು ನಾನೇ ಬರೆದದ್ದು. ನಿನಗೆ ಬೇಕಿತ್ತು ಎಂದು ಬರೆದೆ. ಈಗ ನ್ಯಾಯವಾಗಿ ಹೇಳಬಹುದಾದ್ದು ಇಷ್ಟೇ. ನೀನು ಪುಟ ಮಡಿಚಿದೆ, ನಾನು ಮಗ್ಗುಲು ಬದಲಿಸಿದೆ. ನಿನ್ನ ಮೇಲೆ ನನಗೆ ಸಿಟ್ಟಿತ್ತು, ಈಗ ಇಲ್ಲ. ಇದು ನಿಜವಾದ ಮಾತು, ಬೇಕಾದರೆ ಇದನ್ನು ಕತ್ತರಿಸಿಟ್ಟುಕೋ.

ಕಾಗದ ಬರೆದ ಕಾರಣ ಬೇರೆ ಇದೆ. ನಿನ್ನೆ ನನ್ನ ಡಬ್ಬಿ, ಬಟ್ಟೆ ತರಲು ಗಿರಣಿಯ ಗೇಟಿಗೆ ಹೋಗಿದ್ದೆ. ನನ್ನ ಜಾಗಕ್ಕೆ ಬಂದವಳು ಎರಡು ಮಕ್ಕಳ ತಾಯಿ, ಪಾಪದವಳು. ಅದನ್ನೆಲ್ಲ ತಂದುಕೊಟ್ಟಳು. ಅವಳ ಮೂಗಿನ ಮೇಲೆ ನಿನ್ನ ಮಾಸ್ಕ್. ನಾನು ಬಿಟ್ಟು ಬಂದಿದ್ದ ಎಂಟನ್ನೂ ಜೋಪಾನವಾಗಿ ಒಗೆದು ಇಟ್ಟುಕೊಂಡಿದ್ದಾಳೆ. ಗಾಜು ಗೇಣುದ್ದ ತೆರೆದಿಡುತ್ತಾಳಂತೆ, ಹಾಗೇ ಹೇಳಿಕೊಟ್ಟಿದ್ದಾರೆ. ಅವಳನ್ನು ಮರದ ಕೆಳಗೆ ಕೂರಿಸಿ ಎಲ್ಲ ಹೇಳಿದೆ. ಆವಿ, ಜೋಮು, ಸರಳು, ಅಪ್ಪ, ಕಿಟಕಿ, ಒಂದೂ ಬಿಡಲಿಲ್ಲ. ತಲೆ ತಗ್ಗಿಸಿ ಕೇಳಿದಳು. ಅವಳಿಗೆ ಏನೂ ಕಾಣುತ್ತಿಲ್ಲವೇ ಎಂದು ಕೇಳಿದೆ. ಮಾಸ್ಕನ್ನು ಗದ್ದಕ್ಕಿಳಿಸಿ ಹೇಳಿದಳು.

"ಅಕ್ಕಾ, ನೀವು ನಿಮ್ಮಪ್ಪನ್ನ ಎಂಟು ತಿಂಗಳು ನೋಡಿದ್ರಿ. ನಮ್ಮಮ್ಮ ಬಂದು ಇನ್ನೂ ನಾಲ್ಕೇ ದಿನ."

ಸೈರನ್ ಕೂಗಿತು, ಎದ್ದು ಒಳಗೆ ಹೋದಳು.

ನೀನು ಬಾ. ಆ ಪುಸ್ತಕ ತಾ, ಮಡಿಚಿದ ಪುಟ ಬಿಡಿಸಿಕೊಂಡು ಬಾ. ಇದರಲ್ಲಿ ಏನೂ ಇಲ್ಲ ಎಂದು ನಿನ್ನ ಮಾಸ್ಕನ್ನು ನೀನೇ ಅವಳ ಕಣ್ಣೆದುರು ಹರಿದು ತೋರಿಸಬೇಕು. ನನ್ನ ಮಾತು ಅವಳಿಗೆ ಸಾಕಾಗುವುದಿಲ್ಲ, ನಿನ್ನ ಮಾತು ನನಗೆ ಸಾಕಾಗಲಿಲ್ಲವಲ್ಲ, ಹಾಗೆ. ಆದರೂ ಇಬ್ಬರೂ ಹೋಗಿ ಅವಳ ಮನೆಯ ಬಾಗಿಲು ಬಡಿಯೋಣ, ತೆರೆಯುವವರೆಗೂ ಬಡಿಯೋಣ. ನಮ್ಮ ಮನೆಯ ಬಾಗಿಲಿಗೆ ಚಿಲಕ ಹಾಕಿರುವುದಿಲ್ಲ.

ಬರುವ ಶುಕ್ರವಾರಕ್ಕೆ ಅವಳ ಅಮ್ಮ ಬಂದು ಹತ್ತು ದಿನವಾಗುತ್ತದೆ. ಅಷ್ಟರೊಳಗೆ ಬಾ.

ನಿನ್ನ ಅಕ್ಕ